ತಲೆಗೆ ಬಿಸಿನೀರು ಹಾಕಿದಾಗ ಮಾತ್ರ ಮಗನಿಗೆ ಫಿಟ್ಸ್: ದಿನಾ ಮಾತ್ರೆ ಬೇಕಾ, ಸ್ನಾನಕ್ಕೆ ಮುಂಚೆ ಕೊಟ್ಟರೆ ಸಾಕಾ?

ಕಪಿಲಾತೀರ ಕೇಳಿದ್ದು:

ನಮಸ್ಕಾರ. ನಾವು ನಂಜನಗೂಡಿನ ಕಡೆಯವರು. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಓದು, ಆಟ, ಊಟ ಎಲ್ಲ ಚೆನ್ನಾಗಿದೆ. ಆದರೆ ಈಚೆಗೆ ಐದು ತಿಂಗಳಲ್ಲಿ ಮೂರು ಸಲ ಬಚ್ಚಲುಮನೆಯಲ್ಲೇ ಅವನಿಗೆ ಫಿಟ್ಸ್ ಬಂದಿದೆ. ಮೂರೂ ಸಲ ತಲೆಗೆ ನೀರು ಹಾಕುವಾಗಲೇ. ಬೇರೆ ಹೊತ್ತಿನಲ್ಲಿ ಒಂದು ದಿನವೂ ಇಲ್ಲ.

ಮೊದಲನೇ ಸಲ ನರಕ ಚತುರ್ದಶಿಯ ಬೆಳಿಗ್ಗೆ. ಹಿಂದಿನ ಸಂಜೆ ನೀರು ತುಂಬಿ, ಹಂಡೆಗೆ ಪೂಜೆ ಮಾಡಿ, ಐದು ಗಂಟೆಗೆಲ್ಲ ಉರಿ ಹಾಕಿದ್ದೆವು. ಅತ್ತೆ ಅವನಿಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ, ಚೊಂಬಿನಲ್ಲಿ ಮೊಗೆದು ಮೊಗೆದು ತಲೆ ಮೇಲೆ ನೀರು ಹಾಕುತ್ತಿದ್ದರು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಪಟಾಕಿ ವಿಷಯ ಒಂದೇ ಸಮ ಮಾತಾಡುತ್ತಿದ್ದ. ಐದನೆಯದೋ ಆರನೆಯದೋ ಚೊಂಬಿಗೆ ಮಾತು ಅರ್ಧಕ್ಕೇ ನಿಂತಿತು. ಕಣ್ಣು ಎಡಗಡೆ ಗೋಡೆಗೆ ನೆಟ್ಟವು. ಬಾಯಿ ಏನೋ ಚಪ್ಪರಿಸುವ ಹಾಗೆ ಆಡುತ್ತಿತ್ತು. ಬಲಗೈ ಮಾತ್ರ ತೊಡೆಯನ್ನು ಉಜ್ಜುತ್ತಲೇ ಇತ್ತು. ಹೆಸರು ಹಿಡಿದು ಕೂಗಿದರೂ ಉತ್ತರವಿಲ್ಲ. ಒಂದು ನಿಮಿಷ ಇರಬಹುದು. ಆಮೇಲೆ ನನ್ನ ಹೆಗಲಿಗೆ ಒರಗಿ ಹಾಗೇ ಮಲಗಿಬಿಟ್ಟ. ಎದ್ದ ಮೇಲೆ ಕೇಳಿದರೆ ತಲೆಗೆ ನೀರು ಹಾಕಿದ್ದೇ ನೆನಪಿಲ್ಲ ಅಂದ.

ಹೊಗೆಗೆ, ಆವಿಗೆ ಉಸಿರು ಕಟ್ಟಿರಬೇಕು ಅಂದುಕೊಂಡೆವು. ಪಕ್ಕದ ಮನೆಯವರು ದೃಷ್ಟಿ ಆಗಿದೆ ಅಂದರು, ಅದನ್ನೂ ತೆಗೆಸಿದೆವು. ಸಂಕ್ರಾಂತಿ ದಿನ ಮತ್ತೆ ಅದೇ ತರಹ ಆಯಿತು. ಮೂರನೆಯದು ಒಂದು ಭಾನುವಾರ. ಆವತ್ತು ಕೂತಲ್ಲೇ ಸೆಟೆದು ಬಿದ್ದ, ಕೈಕಾಲು ಒದರಿತು, ತುಟಿ ನೀಲಿಯಾಯಿತು. ಎರಡು ನಿಮಿಷ. ನನಗೆ ಎರಡು ಗಂಟೆ ಆದ ಹಾಗಿತ್ತು.

ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಮಿದುಳಿನ ಗೆರೆ ತೆಗೆಯುವ ಇಇಜಿ ಮಾಡಿಸಿದರು, ನಾರ್ಮಲ್. ಎಂಆರ್‌ಐ ಕೂಡ ನಾರ್ಮಲ್. ಡಾಕ್ಟರು ರಿಪೋರ್ಟ್ ನೋಡಿ, ಫಿಟ್ಸ್ ಅಲ್ಲ, ಮಗು ಹೆದರಿಕೊಂಡಿದೆ ಅಂತ ಹೇಳಿ ಟಾನಿಕ್ ಬರೆದರು. ನೀರಿನ ವಿಷಯ ಹೇಳೋಕೆ ಬಾಯಿ ತೆಗೆದೆ, ಅವರು ಆಗಲೇ ಮುಂದಿನವರನ್ನು ಕರೆದಾಗಿತ್ತು. ಇನ್ನೊಬ್ಬ ಡಾಕ್ಟರು ಇದು ಫಿಟ್ಸೇ, ಮೂರು ವರ್ಷ ದಿನಾ ಮಾತ್ರೆ ಕೊಡಿ ಅಂದರು. ನಮ್ಮವರ ಚಿಕ್ಕಪ್ಪ ಒಬ್ಬರು ಹುಡುಗರಾಗಿದ್ದಾಗ ಬಚ್ಚಲಲ್ಲಿ ಬೀಳುತ್ತಿದ್ದರಂತೆ, ದೊಡ್ಡವರಾದ ಮೇಲೆ ತಾನೇ ಹೋಯಿತಂತೆ. ಅದಕ್ಕೇ ಮನೆಯಲ್ಲಿ ಮಾತ್ರೆ ಯಾಕೆ ಅಂತ ವಾದ.

ನನ್ನ ಪ್ರಶ್ನೆ ಇಷ್ಟು. ಇಇಜಿ ನಾರ್ಮಲ್ ಇದ್ದರೂ ಇದು ಮೂರ್ಛೆರೋಗವೇ? ದಿನಾ ಮಾತ್ರೆ ಬೇಕೇ ಬೇಕಾ? ಸ್ನಾನಕ್ಕೆ ಮುಂಚೆ ಮಾತ್ರ ಒಂದು ಮಾತ್ರೆ ಕೊಡುವ ಪದ್ಧತಿಯೂ ಇದೆ ಅಂತ ಯಾರೋ ಹೇಳಿದರು, ನಿಜವಾ? ಅತ್ತೆ ಅವತ್ತಿನಿಂದ ಚೊಂಬು ಮುಟ್ಟಿಲ್ಲ. ನನ್ನ ಕೈಯಿಂದಲೇ ಆಯಿತು ಅಂತ ಒಳಗೊಳಗೇ ಕೊರಗುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಮದ್ದೂರು ಮೇಷ್ಟ್ರು:

ತಾಯಿ, ಮೊದಲು ನಿಮ್ಮ ಅತ್ತೆಗೆ ಹೇಳಿ, ಅವರ ತಪ್ಪು ಏನೂ ಇಲ್ಲ. ನನಗೂ ಇದೇ ಇತ್ತು. ನನಗೀಗ ನಲವತ್ತೊಂದು. ಒಂಬತ್ತನೇ ವಯಸ್ಸಿಗೆ ಶುರುವಾಗಿ ಹದಿನೇಳಕ್ಕೆ ಕೊನೆಯದು ಬಂತು.

ಒಂದು ಸಂಗತಿ ಹೇಳಬೇಕು. ಇದನ್ನು ಎಷ್ಟೋ ಜನ ನಾಚಿಕೆಗೆ ಹೇಳುವುದಿಲ್ಲ. ನನಗೆ ಫಿಟ್ಸ್ ಬರುವ ಮುಂಚೆ ಆ ಬಿಸಿನೀರು ತುಂಬಾ ಹಿತ ಅನ್ನಿಸುತ್ತಿತ್ತು. ಇನ್ನೊಂದು ಚೊಂಬು, ಇನ್ನೊಂದು ಚೊಂಬು ಅಂತ ಬೇಗ ಬೇಗ ನಾನೇ ಸುರಿದುಕೊಳ್ಳುತ್ತಿದ್ದೆ. ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಅಮ್ಮ ಓಡಿ ಬಂದು ಚೊಂಬು ಕಿತ್ತುಕೊಳ್ಳಬೇಕಾಗಿತ್ತು. ಬೇಕು ಅಂತಲೇ ಮಾಡುತ್ತಾನೆ ಅಂತ ಅಪ್ಪನ ಕೈಲಿ ಏಟೂ ಬಿತ್ತು. ಆಮೇಲೆ ಬೆಂಗಳೂರಿನಲ್ಲಿ ತೋರಿಸಿದಾಗ ಡಾಕ್ಟರು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಹಟ ಅಲ್ಲ, ಇದೂ ಕಾಯಿಲೆಯದೇ ಭಾಗ, ನಿಮ್ಮ ಹುಡುಗನ ಹಾಗೇ ಹೇಳುವವರು ನಮ್ಮ ಹತ್ತಿರ ಬೇಕಾದಷ್ಟು ಜನ ಬರುತ್ತಾರೆ ಅಂದರು. ಅಪ್ಪ ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕೈ ಬಿಡಲೇ ಇಲ್ಲ. ನಿಮ್ಮ ಮಗ ನೀರು ಹಾಕಿಸಿಕೊಳ್ಳುವಾಗ ಇನ್ನೂ ಹಾಕು ಅಂತ ಕೇಳುತ್ತಾನಾ, ಸ್ವಲ್ಪ ಗಮನಿಸಿ.

ನಾನು ಈಗಲೂ ಹೇಗೆ ಸ್ನಾನ ಮಾಡುತ್ತೇನೆ ಅಂದರೆ, ಬಕೆಟ್‌ನಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡುತ್ತೇನೆ. ಕೈಬೆರಳಿಗೆ ಬಿಸಿ ಅಷ್ಟು ಗೊತ್ತಾಗುವುದಿಲ್ಲ. ಮೊದಲು ಕಾಲು, ಬೆನ್ನು, ಭುಜ. ತಲೆಗೆ ಕೊನೆಗೆ, ಅದೂ ನಿಧಾನವಾಗಿ, ಉಗುರು ಬೆಚ್ಚಗಿನ ನೀರು. ಚಿಲಕ ಹಾಕುವುದಿಲ್ಲ. ಮದುವೆಯ ಎಣ್ಣೆಸ್ನಾನದ ದಿನ ಸೋದರತ್ತೆಯರು ಸಾಲಾಗಿ ಬಿಸಿನೀರು ಹಿಡಿದು ನಿಂತಿದ್ದರು. ನಾನು ಮುಂಚೆಯೇ ಎಲ್ಲರಿಗೂ ಹೇಳಿ, ಮೈಗೆ ಮಾತ್ರ ಹಾಕಿಸಿಕೊಂಡೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮಕ್ಕಳ ಡಾಕ್ಟರು, ಹಾಸನ:

ಕಪಿಲಾತೀರ ಅವರೇ, ನೀವು ಬರೆದಿರುವ ಆ ಒಂದು ಪ್ಯಾರಾ, ಮಾತು ನಿಂತದ್ದು, ಕಣ್ಣು ನೆಟ್ಟದ್ದು, ಬಾಯಿ ಚಪ್ಪರಿಸಿದ್ದು, ತೊಡೆ ಉಜ್ಜಿದ್ದು, ಆಮೇಲೆ ನಿದ್ದೆ, ಇದು ಯಾವ ಇಇಜಿಗಿಂತಲೂ ದೊಡ್ಡ ರಿಪೋರ್ಟು. ಅದನ್ನು ಹಾಗೇ ಒಂದು ಹಾಳೆಯಲ್ಲಿ ಬರೆದುಕೊಂಡು ಡಾಕ್ಟರ ಕೈಗೆ ಕೊಡಿ. ಇದು ಬಿಸಿನೀರಿನ ಮೂರ್ಛೆಯನ್ನೇ ಹೋಲುತ್ತದೆ. ಇದು ನಮ್ಮ ಸೀಮೆಯ ಕಾಯಿಲೆ. ಹಾಗಂತ ಹೊರಗೆ ಇಲ್ಲವೇ ಇಲ್ಲ ಅಂತಲ್ಲ. 1945ರಲ್ಲೇ ನ್ಯೂಜಿಲೆಂಡಿನಿಂದ ಒಂದು ವರದಿ ಬಂದಿದೆ, ಟರ್ಕಿ ಮತ್ತು ಜಪಾನಿನಲ್ಲೂ ಕಂಡಿದ್ದಾರೆ. ಆದರೆ ಪ್ರಪಂಚದಲ್ಲಿ ಜಾಸ್ತಿ ಕಾಣುವುದು ಹಳೇ ಮೈಸೂರು ಕಡೆ ಮತ್ತು ಅಕ್ಕಪಕ್ಕದ ದಕ್ಷಿಣದ ಜಿಲ್ಲೆಗಳಲ್ಲಿ. 1970ರ ದಶಕದಲ್ಲಿ ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಗಾರರು ಇದನ್ನು ಹೊರಗಿನ ವೈದ್ಯರಿಗೆ ಪರಿಚಯ ಮಾಡಿಕೊಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ತಂಡ 279 ಮಂದಿಯ ವಿವರ ಒಟ್ಟು ಮಾಡಿ ಪ್ರಕಟಿಸಿತು. ನಾವು ಇವತ್ತು ಹೇಳುವ ಬಹುಪಾಲು ಮಾತು ಆ ಕೆಲಸದಿಂದ ಬಂದದ್ದು.

ಅವರು ಕಂಡದ್ದನ್ನು ನಿಮ್ಮ ಮಗನ ಪಕ್ಕ ಇಟ್ಟು ನೋಡಿ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಜಾಸ್ತಿ. ನೀರು 40ರಿಂದ 50 ಡಿಗ್ರಿ ಬಿಸಿ. ಅದನ್ನು ಚೊಂಬಿನಲ್ಲೋ ಮಗ್ಗಿನಲ್ಲೋ ತಲೆ ಮೇಲೆ ಬಿಡದೆ ಸುರಿಯುವುದು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ನಿಮ್ಮ ಮಗನ ಮೊದಲ ಎರಡು ಸಲದ ಹಾಗೆ, ಬೀಳದೆ, ಪರಿವೆ ತಪ್ಪಿ ಕೂತಲ್ಲೇ ಬರುವ ಫಿಟ್ಸ್. ಉಳಿದವರಿಗೆ ಸೆಟೆದು ಒದರುವ ಫಿಟ್ಸ್. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಇರುತ್ತದೆ, ನಿಮ್ಮ ಚಿಕ್ಕಮಾವನವರ ಮಾತು ಅದಕ್ಕೇ ಮುಖ್ಯ. ಇಂಥ ಮನೆತನಗಳ ರಕ್ತದ ಮಾದರಿ ತೆಗೆದುಕೊಂಡು ನಿಮ್ಹಾನ್ಸ್‌ನವರೂ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳೂ ಸೇರಿ ಜೀನ್ ಹುಡುಕುವ ಕೆಲಸವನ್ನೂ ಮಾಡಿದ್ದಾರೆ. ಮೇಷ್ಟ್ರು ಹೇಳಿದ ಆ ಹಿತದ ವಿಷಯವೂ ಹಳೆಯ ವರದಿಗಳಲ್ಲಿ ಇದೆ. ಮೇಷ್ಟ್ರೇ, ಬರೆದದ್ದಕ್ಕೆ ಥ್ಯಾಂಕ್ಸ್. ಎಷ್ಟೋ ಹುಡುಗರಿಗೆ ಒಂದೊಂದು ಏಟು ತಪ್ಪುತ್ತದೆ.

ಇನ್ನು ಇಇಜಿ. ಅದು ತೆಗೆದ ಆ ಅರ್ಧ ಗಂಟೆಯ ಮಿದುಳಿನ ಗೆರೆ ಅಷ್ಟೇ. ನಿಮ್ಮ ಮಗ ಆಗ ಒಣ ತಲೆಯಲ್ಲಿ, ಫ್ಯಾನಿನ ಕೆಳಗೆ ಮಲಗಿದ್ದ ಅಲ್ವಾ? ಈ ಕಾಯಿಲೆಯಲ್ಲಿ ಫಿಟ್ಸ್ ಇಲ್ಲದ ಹೊತ್ತಿನ ಇಇಜಿ ಹೆಚ್ಚಿನವರಲ್ಲಿ ನಾರ್ಮಲ್ಲೇ ಇರುತ್ತದೆ. ಆದ್ದರಿಂದ ನಾರ್ಮಲ್ ಇಇಜಿ ನೋಡಿ ಫಿಟ್ಸ್ ಅಲ್ಲ ಅನ್ನುವುದು ತಪ್ಪು. ಇದು ಮೂರ್ಛೆರೋಗವೇ ಅಂತ ಕೇಳಿದಿರಿ. ಅಂತರರಾಷ್ಟ್ರೀಯ ಮೂರ್ಛೆರೋಗ ಸಂಘ 2014ರಲ್ಲಿ ಕೊಟ್ಟ ವಿವರಣೆಯಲ್ಲಿ ಹೀಗೆ ಒಂದೇ ಕಾರಣಕ್ಕೆ ಮತ್ತೆ ಮತ್ತೆ ಬರುವ ಫಿಟ್ಸ್ ಅನ್ನೂ ಸೇರಿಸಿದ್ದಾರೆ. ಹೌದು, ಮೂರ್ಛೆರೋಗವೇ. ಆದರೆ ಅದರಲ್ಲಿ ಸೌಮ್ಯವಾದ ಬಗೆ. ಮಗುವಿನ ಬುದ್ಧಿ ಬೆಳವಣಿಗೆಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ.

ಈಗ ಮಾತ್ರೆ. ಮೊದಲ ಔಷಧಿ ತಣ್ಣೀರಿನ ನಲ್ಲಿ. ನೀರಿನ ಬಿಸಿ ಇಳಿಸಿ, ತಲೆಗೆ ಸುರಿಯುವುದನ್ನು ಬಿಟ್ಟರೆ ಎಷ್ಟೋ ಮಕ್ಕಳಿಗೆ ಫಿಟ್ಸ್ ಬರುವುದೇ ಇಲ್ಲ. ಎರಡನೆಯದು ನೀವು ಕೇಳಿದ ಪದ್ಧತಿ, ಅದು ನಿಜ. ಕ್ಲೋಬಜಾಮ್ ಅಂತ ಮಾತ್ರೆ. ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದು ಒಂದೂವರೆ ಗಂಟೆ ಮುಂಚೆ. ಜ್ವರದ ಫಿಟ್ಸ್ ಬರುವ ಮಕ್ಕಳಿಗೆ ಜ್ವರ ಬಂದ ಎರಡು ಮೂರು ದಿನ ಮಾತ್ರ ಇದೇ ಮಾತ್ರೆ ಕೊಡುತ್ತೇವಲ್ಲ, ಅದೇ ಲೆಕ್ಕ. ಅಪಾಯ ಯಾವಾಗ ಅಂತ ಮುಂಚೆಯೇ ಗೊತ್ತಿದ್ದರೆ ಆ ಹೊತ್ತಿಗೆ ಮಾತ್ರ ಕಾವಲು. ಇನ್ನೊಂದು ಅನುಕೂಲ ಇದೆ. ಈ ಜಾತಿಯ ಮಾತ್ರೆಯನ್ನು ದಿನಾ ಕೊಟ್ಟರೆ ಕೆಲವರಲ್ಲಿ ಮೈ ಅದಕ್ಕೆ ಒಗ್ಗಿಹೋಗಿ ಕೆಲಸ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಕೊಟ್ಟರೆ ಆ ತೊಂದರೆ ಇಲ್ಲ. ತೂಕಡಿಕೆ ಬರಬಹುದು, ಕೆಲವು ಮಕ್ಕಳು ಸ್ವಲ್ಪ ಸಿಡುಕುತ್ತಾರೆ. ಡೋಸ್ ಇಲ್ಲಿ ಬರೆಯುವುದಿಲ್ಲ, ತೂಕ ನೋಡಿ ನಿಮ್ಮ ಡಾಕ್ಟರೇ ಬರೆಯಬೇಕು.

ಹಾಗಾದರೆ ದಿನಾ ಮಾತ್ರೆ ಅಂದ ಡಾಕ್ಟರು ತಪ್ಪು ಹೇಳಿದರಾ? ಇಲ್ಲ. ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಕಾಲುಭಾಗಕ್ಕೆ ಮುಂದೆ ನೀರಿನ ಸಂಬಂಧವೇ ಇಲ್ಲದೆಯೂ ಫಿಟ್ಸ್ ಬರಬಹುದು. ಅಂಥವರಿಗೂ, ಉಗುರು ಬೆಚ್ಚಗಿನ ನೀರಿಗೂ ಫಿಟ್ಸ್ ಬರುವವರಿಗೂ ದಿನಾ ಮಾತ್ರೆ ಬೇಕು. ಅದಕ್ಕೇ ಟೀಚರ್ ಹತ್ತಿರ ಕೇಳಿ: ಕ್ಲಾಸಿನಲ್ಲಿ ಮಧ್ಯೆ ಮಧ್ಯೆ ಕಣ್ಣು ನೆಟ್ಟು ಕೂರುತ್ತಾನಾ, ಬರೆಯುವಾಗ ಕೈ ನಿಲ್ಲುತ್ತದಾ? ಮನೆಯಲ್ಲಿ ರಾತ್ರಿ ಹಾಸಿಗೆ ಒದ್ದೆಯಾಗಿ, ಬೆಳಿಗ್ಗೆ ನಾಲಿಗೆ ಕಚ್ಚಿಕೊಂಡ ಗುರುತು ಇರುತ್ತದಾ? ಇದ್ಯಾವುದೂ ಇಲ್ಲ ಅಂದರೆ, ನನ್ನ ಅಭಿಪ್ರಾಯದಲ್ಲಿ, ಎಂಟು ವರ್ಷದ ಹುಡುಗನಿಗೆ ಮೊದಲು ನೀರು ಮತ್ತು ಸ್ನಾನದ ದಿನದ ಮಾತ್ರೆಯಿಂದ ಶುರು ಮಾಡಿ ನೋಡಬಹುದು. ಆ ಎರಡನೇ ಡಾಕ್ಟರ ಹತ್ತಿರ ಹೋಗಿ ಇದನ್ನೇ ಕೇಳಿ. ಮೂರನೇ ಸಲದ ಫಿಟ್ಸ್ ದೊಡ್ಡದು, ಹಾಗಾಗಿ ಸುಮ್ನೆ ಬಿಡುವ ಹಾಗಂತೂ ಇಲ್ಲ. ಚಿಕ್ಕಮಾವನವರಿಗೆ ತಾನಾಗಿ ಹೋಗಿರಬಹುದು. ಆದರೆ ಆ ವರ್ಷಗಳಲ್ಲಿ ಬಚ್ಚಲ ಕಲ್ಲಿನ ಮೇಲೆ, ಒಲೆಯ ಪಕ್ಕ ಬೀಳುವ ಅಪಾಯ ಇದ್ದೇ ಇತ್ತು.

ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ಲದಿದ್ದರೂ, ನಿಮ್ಮ ಕಡೆಯ ಯಳಂದೂರಿನ ವಿಷಯ ಒಂದು ಮಾತು. ಡಾ. ಮಣಿ ಮತ್ತು ತಂಡ ಅಲ್ಲಿ ಸುಮಾರು 65,000 ಜನರಿರುವ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಫಿಟ್ಸ್ ಇರುವವರನ್ನು ಹುಡುಕಿದರು. ಆಮೇಲೆ ಫಿನೊಬಾರ್ಬಿಟಾಲ್, ಫಿನಿಟಾಯಿನ್ ಅನ್ನುವ ಅಗ್ಗದ ಹಳೇ ಮಾತ್ರೆಗಳಲ್ಲೇ ಹಳ್ಳಿಯಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿ, 2001ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನಿಮ್ಮ ಊರಿಂದ ಕೂಗಳತೆಯಲ್ಲಿ ನಡೆದ ಕೆಲಸ. ನಾನು ಓದುವಾಗ ಇದನ್ನು ಪಾಠದಲ್ಲಿ ಯಾರೂ ಹೇಳಿರಲಿಲ್ಲ, ಆ ಬೇಜಾರಿಗೇ ಇಲ್ಲಿ ಬರೆದೆ.

ಮತ್ತೆ ಬಂದರೆ: ನೀರು ನಿಲ್ಲಿಸಿ, ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ, ಯಾವುದೂ ಬೇಡ. ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ, ಮತ್ತು ತಕ್ಷಣ ಆಸ್ಪತ್ರೆ. ಸ್ಪ್ರೇಯನ್ನು ಮುಂಚೆಯೇ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಡಾಕ್ಟರಿಗೆ ತುಂಬಾ ಸಹಾಯ. ಆದರೆ ಸ್ನಾನದ ಮಗು, ಮೇಲೊಂದು ಟವೆಲ್ ಹೊದಿಸಿ. ಆ ವಿಡಿಯೊ ಯಾವ ಗ್ರೂಪಿಗೂ ಹೋಗಬಾರದು.

ಪುಟ್ಟಿಯ ಅಮ್ಮ:

ಇದನ್ನು ಓದುವ ಬೇರೆ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಬಿಸಿನೀರಿಗೆ ಬರುವ ಎಲ್ಲ ಫಿಟ್ಸೂ ಸೌಮ್ಯ ಅಲ್ಲ. ನನ್ನ ಮಗಳಿಗೆ ಆರು ತಿಂಗಳಲ್ಲಿ, ಬಾಣಂತಿ ಕೋಣೆಯ ಬಿಸಿನೀರಿನ ಸ್ನಾನ ಆದಮೇಲೆ ಮೈಯ ಎಡಭಾಗ ಮಾತ್ರ ಒದರಲು ಶುರುವಾಯಿತು. ಅರ್ಧ ಗಂಟೆ ನಿಲ್ಲಲಿಲ್ಲ. ಆಮೇಲೆ ಸಣ್ಣ ಜ್ವರಕ್ಕೂ, ಬಿಸಿಲಿಗೂ ಬರತೊಡಗಿತು, ಒಂದು ಸಲ ಎಡ, ಒಂದು ಸಲ ಬಲ. ಊರಲ್ಲಿ ಎಲ್ಲರೂ ಬಿಸಿನೀರಿನ ಫಿಟ್ಸ್, ದೊಡ್ಡವಳಾದರೆ ಹೋಗುತ್ತದೆ ಅಂದರು. ಅದಕ್ಕೆ ಅಂತ ಕೊಟ್ಟ ಕಾರ್ಬಮಜೆಪಿನ್ ಮಾತ್ರೆಯಿಂದ ಫಿಟ್ಸ್ ಜಾಸ್ತಿ ಆಯಿತು.

ಎರಡು ವರ್ಷ ಆದಮೇಲೆ ಜೀನ್ ಪರೀಕ್ಷೆ ಮಾಡಿಸಿದಾಗ ಎಸ್‌ಸಿಎನ್1ಎ ಜೀನಿನಲ್ಲಿ ದೋಷ, ಡ್ರಾವೆ ಸಿಂಡ್ರೋಮ್ ಅಂತ ಗೊತ್ತಾಯಿತು. ಷಾರ್ಲೊಟ್ ಡ್ರಾವೆ ಎಂಬ ಫ್ರಾನ್ಸಿನ ಡಾಕ್ಟರು 1978ರಲ್ಲಿ ಗುರುತಿಸಿದ ಕಾಯಿಲೆ. ಇದರಲ್ಲಿ ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಥರದವು ಆಗಿಬರುವುದಿಲ್ಲ ಅಂತ ಆಮೇಲೆ ಹೇಳಿದರು. ವ್ಯಾಲ್ಪ್ರೊಯೇಟ್, ಕ್ಲೋಬಜಾಮ್ ಮೇಲೆ ಸ್ಟಿರಿಪೆಂಟಾಲ್ ಸೇರಿಸಿದ ಮೇಲೆ ನನ್ನ ಮಗಳು ಒಂದು ತಿಂಗಳು ಪೂರ್ತಿ ಆಸ್ಪತ್ರೆ ಇಲ್ಲದೆ ಕಳೆದಳು. ಆ ಔಷಧಿಯ ಬಗ್ಗೆ 2000ದಲ್ಲಿ ಫ್ರಾನ್ಸಿನಲ್ಲಿ ನಡೆದ ಪ್ರಯೋಗದಲ್ಲಿ ಇದ್ದದ್ದು ಬರೀ 41 ಮಕ್ಕಳು. ಆ 41 ಮಕ್ಕಳ ತಾಯಂದಿರನ್ನು ನಾನು ಎಷ್ಟೋ ಸಲ ನೆನೆಸಿಕೊಳ್ಳುತ್ತೇನೆ.

ಕಪಿಲಾತೀರ, ನಿಮ್ಮ ಮಗನಿಗೆ ಇದು ಅಲ್ಲ ಅನ್ನಿಸುತ್ತದೆ. ಆದರೆ ವರ್ಷ ತುಂಬದ ಕೂಸಿಗೆ ಸ್ನಾನದಲ್ಲೋ ಜ್ವರದಲ್ಲೋ ತುಂಬಾ ಹೊತ್ತಿನ, ಒಂದೇ ಪಕ್ಕದ ಫಿಟ್ಸ್ ಬಂದರೆ ಯಾರೂ ಕಾಯಬೇಡಿ.

ಮಕ್ಕಳ ಡಾಕ್ಟರು, ಹಾಸನ:

ಪುಟ್ಟಿಯ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ವಯಸ್ಸು, ಎಷ್ಟು ಹೊತ್ತು, ಒಂದು ಪಕ್ಕವೋ ಎರಡೂ ಪಕ್ಕವೋ, ಜ್ವರಕ್ಕೂ ಬರುತ್ತದೋ, ಈ ನಾಲ್ಕು ಪ್ರಶ್ನೆ ಕೇಳದೆ ಬಿಸಿನೀರಿನ ಫಿಟ್ಸ್ ಅಂತ ಬರೆಯಬಾರದು. ನಾನು ಮೇಲೆಯೇ ಇದನ್ನು ಹೇಳಬೇಕಿತ್ತು.

ಕಪಿಲಾತೀರ:

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಎರಡನೇ ಡಾಕ್ಟರ ಹತ್ತಿರ ಮತ್ತೆ ಹೋದೆವು. ಬರೆದ ಹಾಳೆ ಕೊಟ್ಟೆ. ಅವರು ಎರಡು ಸಲ ಓದಿದರು. ಚಿಕ್ಕಮಾವನವರ ವಿಷಯ ಮೊದಲೇ ಯಾಕೆ ಹೇಳಲಿಲ್ಲ ಅಂದರು. ಟೀಚರನ್ನೂ ಕೇಳಿದ್ದೆ, ಕ್ಲಾಸಿನಲ್ಲಿ ಅಂಥದ್ದೇನೂ ನೋಡಿಲ್ಲವಂತೆ. ಸದ್ಯಕ್ಕೆ ದಿನಾ ಮಾತ್ರೆ ಬೇಡ, ಭಾನುವಾರ ಏಳು ಗಂಟೆಗೆ ಕ್ಲೋಬಜಾಮ್, ಎಂಟೂವರೆಗೆ ಸ್ನಾನ ಅಂತ ಬರೆದುಕೊಟ್ಟರು. ಸ್ನಾನ ಬಿಟ್ಟು ಬೇರೆ ಹೊತ್ತಿನಲ್ಲಿ ಒಂದೇ ಒಂದು ಸಲ ಬಂದರೂ ಫೋನ್ ಮಾಡಿ ಅಂದಿದ್ದಾರೆ. ಸ್ಪ್ರೇಯೂ ಬರೆದರು. ಅದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ, ಎಲ್ಲರಿಗೂ ಸಿಗುವ ಜಾಗ.

ನಮ್ಮವರು ಮೈಸೂರಿಂದ ನೀರಿನ ಥರ್ಮಾಮೀಟರ್ ತಂದರು. ಅತ್ತೆ ಎಂದಿನಂತೆ ಹದ ಮಾಡಿದ ನೀರಿಗೆ ಅದ್ದಿದರೆ 46 ಡಿಗ್ರಿ! ಅವರ ಕೈಗೆ ಅದು ಬರೀ ಬೆಚ್ಚಗೆ. ಐವತ್ತು ವರ್ಷ ಒಲೆ ಮುಂದೆ ಕಳೆದ ಕೈ. ಈಗ 37ಕ್ಕೆ ಇಳಿಸುತ್ತೇವೆ. ಮಗನಿಗೆ ಚಳಿ ಅಂತ ಜಗಳ, ಅದಕ್ಕೆ ಬಾಗಿಲು ಕಿಟಕಿ ಮುಚ್ಚಿ ಬಚ್ಚಲು ಬೆಚ್ಚಗಾದ ಮೇಲೆ ಕೂರಿಸುತ್ತೇವೆ. ಹೊಗೆ ಬೇಡ ಅಂತ ಆ ಹೊತ್ತಿಗೆ ಒಲೆ ಆರಿಸಿರುತ್ತೇವೆ. ಮೇಷ್ಟ್ರು ಹೇಳಿದ ಹಾಗೆ ಕಾಲಿನಿಂದ ಶುರು. ಇನ್ನೂ ಹಾಕು ಅಂತ ಕೇಳುತ್ತಾನಾ ಅಂತ ಗಮನಿಸಿದೆ. ಅವನನ್ನೇ ಕೇಳಿದಾಗ, ಹಬ್ಬದ ದಿನ ನೀರು ತುಂಬಾ ಚೆನ್ನಾಗಿತ್ತು ಅಂದ, ಅಷ್ಟೇ.

ಮೂರು ಭಾನುವಾರ ಏನೂ ಆಗಿಲ್ಲ. ಮಾತ್ರೆ ತಗೊಂಡ ದಿನ ಹನ್ನೊಂದರ ತನಕ ತೂಕಡಿಸುತ್ತಾನೆ, ಆಮೇಲೆ ಸರಿ. ಇನ್ನೊಂದು ಕೇಳಬೇಕಿತ್ತು ಡಾಕ್ಟರೇ, ಬೇಸಿಗೆ ರಜೆಗೆ ಕಪಿಲೆಯಲ್ಲಿ ಈಜೋಕೆ ಹೋಗ್ತೀನಿ ಅಂತ ಹಟ ಮಾಡುತ್ತಿದ್ದಾನೆ. ತಣ್ಣೀರು ತಾನೇ, ಕಳಿಸಬಹುದಾ?

ಮಕ್ಕಳ ಡಾಕ್ಟರು, ಹಾಸನ:

46 ಡಿಗ್ರಿ ನೀವೇ ಅಳೆದು ಬರೆದದ್ದು ನೋಡಿ ತುಂಬಾ ಸಂತೋಷವಾಯಿತು. ಹೊಳೆ ಈಗ ಬೇಡ. ತಣ್ಣೀರಿಗೆ ಅವನಿಗೆ ಫಿಟ್ಸ್ ಬರುವುದು ಕಷ್ಟ. ಆದರೆ ಮೂರು ವಾರ ತುಂಬಾ ಕಡಿಮೆ ಸಮಯ. ನೀರಿನ ಸಂಬಂಧವಿಲ್ಲದ ಫಿಟ್ಸ್ ಬರುವುದಿಲ್ಲ ಅಂತ ನಮಗೆ ಇನ್ನೂ ಗೊತ್ತಾಗಿಲ್ಲ, ಹರಿಯುವ ಹೊಳೆಯಲ್ಲಿ ಒಂದು ನಿಮಿಷ ಪರಿವೆ ತಪ್ಪಿದರೂ ಸಾಕು. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿ. ಅವರು ಸರಿ ಅಂದಮೇಲೆ, ಎದೆಮಟ್ಟದ ಕೊಳದಲ್ಲಿ, ಈಜು ಬರುವ ದೊಡ್ಡವರೊಬ್ಬರು ಕೈಯಳತೆಯಲ್ಲಿ ಇದ್ದರೆ ಆಗಬಹುದು. ಜೊತೆಗೆ ಬರುವವರಿಗೆ ವಿಷಯ ಹೇಳಿರಬೇಕು. ಮುಂದಿನ ನೀರು ತುಂಬುವ ಹಬ್ಬಕ್ಕೆ ನೆಂಟರು ಬಂದರೆ, ಥರ್ಮಾಮೀಟರ್ ಹಂಡೆ ಪಕ್ಕದಲ್ಲೇ ನೇತುಹಾಕಿ.